ಕಂಪ್ಲಿ ಐದರ ಬೋಳುಕಲ್ಲು

ನವೆಂಬರ್ 23, ಭಾನುವಾರ, ಬೆಳಿಗ್ಗೆ ಆರು ಹತ್ತು.

"ಲೇ ಮಂಜಿ, ಎದ್ದೀಯೇನು? ನನ್ನ ಕಲ್ಲು ಹೋತು ನೋಡು."

ಫೋನಿನಲ್ಲಿ ಹುಲಿಗೆಮ್ಮ ದೊಡ್ಡವ್ವ, ನನ್ನ ತಾಯಿಯ ಅಕ್ಕ. ಸಂಡೂರಿನಿಂದ ಹೊರಟು, ಹೊಸಪೇಟೆಯ ಗದ್ದಲ ದಾಟಿ, ಹಂಪಿಯ ಪಕ್ಕದ ಕಮಲಾಪುರದ ಮೇಲೆ ಕಂಪ್ಲಿಗೆ ಹೋಗುವ ಗಿಡ್ಡ ರಾಜ್ಯ ಹೆದ್ದಾರಿ ಇದೆಯಲ್ಲ, ಅದರಲ್ಲಿ ಕಂಪ್ಲಿ ಇನ್ನೇನು ಐದು ಕಿಲೋಮೀಟರ್ ಎನ್ನುವಾಗ ಅವಳ ಊರು ಬರುತ್ತದೆ. ಅವಳಿಗೆ ಕಾಲುವೆ ನೀರಿನ ಗದ್ದೆ ಇದೆ, ಎರಡು ಎಮ್ಮೆ ಇವೆ, ಮತ್ತು ಹೆದ್ದಾರಿಯ ಒಂದು ತುಂಡು ಇದೆ.

ಕೊನೆಯದನ್ನು ಓದಿ ನೀವು ಹುಬ್ಬೇರಿಸುತ್ತೀರಿ ಎಂದು ಗೊತ್ತು. ಹೆದ್ದಾರಿ ಸರ್ಕಾರದ್ದು. ದೊಡ್ಡವ್ವನೂ ಅದನ್ನು ಒಪ್ಪುತ್ತಾಳೆ. "ಸುಗ್ಗಿ ಬಿಟ್ಟು ಉಳಿದ ದಿನ ಎಲ್ಲಾ ಸರ್ಕಾರದ್ದ" ಎನ್ನುತ್ತಾಳೆ. ಸುಗ್ಗಿಯಲ್ಲಿ ಮಾತ್ರ ಅಡ್ಡಮೋರಿಯಿಂದ ಕಿಲೋಮೀಟರ್ ಕಲ್ಲಿನವರೆಗೆ ಅವಳದು. ಕಲ್ಲಿನಿಂದಾಚೆ, ಕಂಪ್ಲಿ ಕಡೆಯ ಬೇವಿನ ಮರದವರೆಗೆ, ಪಕ್ಕದ ಗದ್ದೆಯ ಪಂಪಣ್ಣ ಮಾವನದು. ಭತ್ತ ಒಣಗಿಸಲಿಕ್ಕೆ. ಈ ಹಂಚಿಕೆ ಯಾವ ಕಚೇರಿಯಲ್ಲೂ ಬರೆದಿಲ್ಲ. ಬರೆದಿಟ್ಟ ಎಷ್ಟೋ ಹಂಚಿಕೆಗಳಿಗಿಂತ ಗಟ್ಟಿಯಾಗಿ ನಡೆದುಕೊಂಡು ಬಂದಿದೆ.

ಗಡಿಯಾಗಿದ್ದ ಆ ಕಲ್ಲನ್ನು ರಸ್ತೆ ಅಗಲ ಮಾಡುವವರು ಬೇಸಿಗೆಯಲ್ಲಿ ಕಿತ್ತಿದ್ದರು. ಕೆಲಸ ಮುಗಿದ ಮೇಲೆ ವಾಪಸು ನೆಡುತ್ತೇವೆ ಎಂದಿದ್ದರಂತೆ. ನಿನ್ನೆ ನೆಟ್ಟು ಹೋಗಿದ್ದಾರೆ. ಆದರೆ ಅದು ಹೊಸ ಕಲ್ಲು, ಹೊಸ ಜಾಗ.

"ಎಲ್ಲಿ ನೆಟ್ಟಾರ ದೊಡ್ಡವ್ವಾ?"

"ನನ್ನ ರೋಡಿನ ನಡುವ! ಪಂಪಣ್ಣ ನಿನ್ನಿ ಸಂಜಿಯಿಂದ ಅದರ ಸುತ್ತ ತಿರುಗಾಡಾಕತ್ಯಾನ. ಬುಧವಾರ ಕಟಾವು ಮಿಷನ್ ಬರತೈತಿ. ಅಷ್ಟರಾಗ ನನ್ನ ಹಳೇ ಕಲ್ಲು ಹುಡುಕಿ ತಾ. ನೀನು ಆ ರೋಡಿನ ಕಲ್ಲೆಲ್ಲ ಬರಕೊಂಡಾಕಿ ಅಲ್ಲೇನು?"

ಅದು ನಿಜ. ನನಗೆ ರಸ್ತೆಯ ಕಲ್ಲುಗಳನ್ನು ಓದುವ ಚಟ ಚಿಕ್ಕಂದಿನಿಂದ ಇದೆ. ರಜೆಯಲ್ಲಿ ಹೊಸಪೇಟೆಯಿಂದ ದೊಡ್ಡವ್ವನ ಊರಿಗೆ ಬಸ್ಸು ಹತ್ತಿದರೆ ಕಿಟಕಿ ಸೀಟು ನನಗೇ ಬೇಕು. ಕಂಪ್ಲಿಯ ಎದುರಿನ ಅಂಕಿ ಒಂದೊಂದಾಗಿ ಇಳಿಯುವುದನ್ನು ನೋಡುತ್ತಾ ಕೂರುತ್ತಿದ್ದೆ. ಆ ಅಂಕಿ ಬಸ್ಸಿನ ಟಿಕೆಟ್ಟಿನ ದರ ಎಂದು ಬಹಳ ಕಾಲ ನಂಬಿದ್ದೆ. ಒಮ್ಮೆ ದೊಡ್ಡವ್ವನ ಊರಿನಿಂದ ಕಂಪ್ಲಿ ಸಂತೆಗೆ ಹೊರಟಾಗ ಕಂಡಕ್ಟರ್ ಹೆಚ್ಚು ಕೇಳಿದರು. "ಕಲ್ಲಿನ ಮ್ಯಾಲೆ ಐದು ಅಂತ ಬರದೈತಿ" ಎಂದು ನಾನು ಜಗಳ ತೆಗೆದೆ. ಅವರು ಶಾಂತವಾಗಿ, "ಹಂಗಾರ ಕಲ್ಲಿನ ಮ್ಯಾಲೇ ಕುಂತು ಹೋಗವ್ವಾ" ಎಂದರು. ಇಡೀ ಬಸ್ಸು ನಕ್ಕಿತು. ಪಂಪಣ್ಣ ಮಾವ ಅದೇ ಬಸ್ಸಿನಲ್ಲಿದ್ದರು. ಅಂದಿನಿಂದ ಅವರಿಗೆ ನಾನು "ಲೆಕ್ಕದ ಮಂಜಿ".

ಈಗ ನಾನು ಹೊಸಪೇಟೆಯ ಹೊರಗೆ ಒಂದು ವೇಬ್ರಿಡ್ಜ್‌ನಲ್ಲಿ ಕೆಲಸಕ್ಕಿದ್ದೇನೆ. ಅದಿರಿನ ಲಾರಿ ಬಂದು ತಟ್ಟೆಯ ಮೇಲೆ ನಿಲ್ಲುತ್ತದೆ, ನಾನು ತೂಕ ದಾಖಲಿಸುತ್ತೇನೆ, ಲಾರಿ ಹೋಗುತ್ತದೆ. ಚಟಕ್ಕೆ ಸಂಬಳ ಸಿಗುವ ಭಾಗ್ಯ ಎಲ್ಲರಿಗೂ ಬರುವುದಿಲ್ಲ.

ಆದರೆ ನೀವು ಕಲ್ಲಿನ ಕಥೆ ಕೇಳಬೇಕು. ಅದಕ್ಕೆ ಮೊದಲು ಕಣದ ಕಥೆ.

ದೊಡ್ಡವ್ವ ಮದುವೆಯಾಗಿ ಬಂದಾಗ ಆ ರಸ್ತೆ ಜಲ್ಲಿಯದಾಗಿತ್ತಂತೆ. ಅವಳ ಅತ್ತೆಯ ಕಾಲಕ್ಕೆ ಬರೀ ಬಂಡಿ ದಾರಿ. ಆಗ ಭತ್ತ ರಸ್ತೆಗೆ ಬರುತ್ತಿರಲಿಲ್ಲ. ಪ್ರತಿ ಮನೆಗೂ ಗದ್ದೆಯ ಮಗ್ಗುಲಲ್ಲಿ ಸಗಣಿ ಸಾರಿಸಿದ ಕಣ, ಕಣದ ನಡುವೆ ಒಂದು ಕಂಬ. ಅದಕ್ಕೆ ಮೇಟಿ ಎನ್ನುತ್ತಾರೆ. ಎತ್ತುಗಳು ಅದನ್ನೇ ಸುತ್ತುತ್ತಿದ್ದವು. ಸುಗ್ಗಿಯ ಮೊದಲ ದಿನ ಸಗಣಿಯ ಉಂಡೆಗೆ ಗರಿಕೆ ಸಿಕ್ಕಿಸಿ ಬೆನಕಪ್ಪ ಮಾಡಿ ಮೇಟಿಯ ಬುಡಕ್ಕೆ ಇಟ್ಟ ಮೇಲೆಯೇ ಕೆಲಸ. ಆಮೇಲೆ ಕಟಾವು ಮಿಷನ್ ಬಂತು. ಒಂದು ಬೆಳಿಗ್ಗೆಯಲ್ಲಿ ಗದ್ದೆ ಖಾಲಿ ಮಾಡಿ ಟ್ರ್ಯಾಕ್ಟರಿಗೆ ಹಸಿ ಭತ್ತ ಸುರಿಯಿತು. ತುಳಿಸುವ ಕೆಲಸವೇ ಇಲ್ಲವಾದಾಗ ಕಣ ಯಾಕೆ ಎಂದು ಎಲ್ಲರೂ ಅದನ್ನೂ ಉತ್ತು ಗದ್ದೆಗೆ ಸೇರಿಸಿದರು. ಹಸಿ ಭತ್ತವನ್ನು ರಾಶಿಯಲ್ಲಿ ಬಿಟ್ಟರೆ ಕಾವು ಹಿಡಿಯುತ್ತದೆ, ಮೊಳಕೆ ಒಡೆಯುತ್ತದೆ, ಮಿಲ್ಲಿನವರು ಮೂಸಿಯೂ ನೋಡುವುದಿಲ್ಲ. ಎಲ್ಲಿ ಒಣಗಿಸುವುದು ಎಂದು ತಲೆ ಎತ್ತಿ ನೋಡಿದರೆ, ಎದುರಿಗೇ ಕಪ್ಪಗೆ, ಚಪ್ಪಟೆಯಾಗಿ, ಬಿಸಿಲು ಕುಡಿಯುತ್ತಾ ಹೊಸ ಡಾಂಬರು ರಸ್ತೆ.

ಹೀಗೆ ರಸ್ತೆ ಕಣವಾಯಿತು. ಕಣಕ್ಕೆ ಮೇಟಿ ಬೇಕಲ್ಲ? ಕಿಲೋಮೀಟರ್ ಕಲ್ಲು ಮೇಟಿಯಾಯಿತು. ಇತ್ತ ದೊಡ್ಡವ್ವನ ಭತ್ತ, ಅತ್ತ ಪಂಪಣ್ಣ ಮಾವನ ಭತ್ತ, ನಡುವಿನ ಕಲ್ಲಿನ ಬುಡದಲ್ಲಿ ಎರಡೂ ಮನೆಯವರ ಬೆನಕಪ್ಪ.

ರಸ್ತೆಯಲ್ಲಿ ಭತ್ತ ಹರಡುವುದು ತಪ್ಪು, ಬೈಕಿನವರು ಜಾರಿ ಬೀಳುತ್ತಾರೆ ಎಂದು ನೀವು ಹೇಳಬಹುದು. ಹೇಳಿ, ನಾನೂ ಹೇಳುತ್ತೇನೆ. ದೊಡ್ಡವ್ವ ಅರ್ಧ ರಸ್ತೆ ಬಿಟ್ಟೇ ಹರಡುತ್ತಾಳೆ, ಹೊತ್ತು ಮುಳುಗುವ ಮೊದಲು ಎಲ್ಲವನ್ನೂ ಬಳಿದು ಬದಿಗೆ ರಾಶಿ ಮಾಡುತ್ತಾಳೆ. ಬೇರೆ ಜಾಗ ತೋರಿಸಿದರೆ ಅಲ್ಲಿಗೇ ಹೋಗುತ್ತಾಳಂತೆ. ತೋರಿಸುವವರು ಇನ್ನೂ ಬಂದಿಲ್ಲ.

ಆ ಕಲ್ಲಿಗೆ ತಲೆ ಇರಲಿಲ್ಲ. ನಾನು ಹುಟ್ಟುವ ಮೊದಲೇ ಒಂದು ಕಬ್ಬಿನ ಲಾರಿ ಹಿಂದಕ್ಕೆ ಬಂದು ಅದರ ಹಸಿರು ನೆತ್ತಿಯನ್ನು ಹಾರಿಸಿತ್ತು. ಉಳಿದ ಬೋಳುಕಲ್ಲು ಹೇಳಿ ಮಾಡಿಸಿದ ಮಣೆಯಂತಿತ್ತು. ದೊಡ್ಡವ್ವ ಅದರ ಮೇಲೆ ಕೂತು ಭತ್ತ ಕಾಯುತ್ತಿದ್ದಳು, ಕಾಗೆ ಓಡಿಸುತ್ತಿದ್ದಳು, ಬಸ್ಸು ನಿಲ್ಲಿಸಿ ಒಳಗಿದ್ದವರ ಯೋಗಕ್ಷೇಮ ವಿಚಾರಿಸುತ್ತಿದ್ದಳು. ನಾನು ಅವಳ ಮುಂದೆ ಭತ್ತದ ಮೇಲೆ ಬರಿಗಾಲು ಎಳೆಯುತ್ತಾ ಸಾಲು ಬಿಡಿಸುತ್ತಿದ್ದೆ. ಭತ್ತ ಹಾಗೆಯೇ ಮಗುಚುವುದು. ಮಧ್ಯಾಹ್ನದ ಹೊತ್ತಿಗೆ ಮೇಲಿನ ಭತ್ತ ಬಿಸಿ, ಅಡಿಯದು ತಂಪು. ಆ ಎರಡರ ನಡುವೆ ಅಂಗಾಲು ಹೋಗುವ ಸುಖವನ್ನು ಯಾವ ಚಪ್ಪಲಿಯೂ ಕೊಟ್ಟಿಲ್ಲ.

ಈಗ ಕಷ್ಟ ಏನು ಎಂದರೆ, ದೊಡ್ಡವ್ವನ ತುಂಡಿನಲ್ಲಿ ಮೋರಿಯ ಕಡೆಯ ಅರ್ಧಕ್ಕೆ ಎತ್ತರದ ಬಾಳೆ ತೋಟದ ನೆರಳು. ಬಿಸಿಲು ಬೀಳುವುದು ಕಲ್ಲಿನ ಕಡೆಯ ಅರ್ಧಕ್ಕೆ. ಹೊಸ ಕಲ್ಲು ನಿಂತಿರುವುದು ಸರಿಯಾಗಿ ನೆರಳು ಮುಗಿದು ಬಿಸಿಲು ಶುರುವಾಗುವಲ್ಲಿ. ಅದೇ ಗಡಿಯಾದರೆ ಬಿಸಿಲೆಲ್ಲ ಪಂಪಣ್ಣ ಮಾವನಿಗೆ, ನೆರಳೆಲ್ಲ ದೊಡ್ಡವ್ವನಿಗೆ. ಆಂಧ್ರದ ಕಡೆ ಸೈಕ್ಲೋನ್ ಎದ್ದಿದೆ ಎಂದು ಟಿವಿ ಹೇಳುತ್ತಿತ್ತು. ನೆರಳಿನಲ್ಲಿ ಹರಡಿದ ಭತ್ತ ಮಳೆಗೆ ಮೊದಲು ಒಣಗುವುದಿಲ್ಲ.

ಭಾನುವಾರವಾದ್ದರಿಂದ ಸ್ಕೂಟಿ ತೆಗೆದೆ. ಕಂಪ್ಲಿ ಕಡೆ ಹೋಗಬೇಕಾದವಳು ಸಂಡೂರಿನ ಕಡೆ ತಿರುಗಿದೆ, ಏಕೆಂದರೆ ಗುತ್ತಿಗೆದಾರರ ಕ್ಯಾಂಪ್ ಇದ್ದದ್ದು ಅಲ್ಲಿ. ಹುಡುಕುವುದಾದರೆ ತುದಿಯಿಂದ ಹುಡುಕಬೇಕು ಎಂಬುದು ನನ್ನ ಪದ್ಧತಿ.

ಈ ರಸ್ತೆಗೆ ಮೂರು ಬಣ್ಣ. ಸಂಡೂರಿನಿಂದ ಹೊಸಪೇಟೆಗೆ ಕೆಂಪು: ಮಣ್ಣು ಕೆಂಪು, ಎಲೆ ಕೆಂಪು, ಲಾರಿಯ ಹಿಂದೆ ಹೋದರೆ ಹಲ್ಲೂ ಕೆಂಪು. ನಮ್ಮ ಮನೆ ಆ ಕಡೆಯ ಅಂಚಿನಲ್ಲಿದ್ದದ್ದರಿಂದ ಶನಿವಾರದ ನನ್ನ ಬಿಳಿ ಸಮವಸ್ತ್ರ ಐದನೇ ತರಗತಿಯ ಹೊತ್ತಿಗೆ ಗುಲಾಬಿಯಾಗಿತ್ತು. ಟೀಚರ್ ಬೈದರೆ ಅವ್ವ, "ಗುಲಾಬಿ ನಿನಗ ಭಾಳ ಒಪ್ಪತೈತಿ ಬಿಡು" ಎನ್ನುತ್ತಿದ್ದಳು. ಕಮಲಾಪುರದ ಕೆರೆಯಿಂದ ಮುಂದೆ ರಸ್ತೆ ಹಸಿರಿನೊಳಗೆ ಹೋಗುತ್ತದೆ. ಬಾಳೆ, ಕಬ್ಬು, ಗದ್ದೆ. ಸುಗ್ಗಿ ಬಂದರೆ ಕಂಪ್ಲಿಯ ತುದಿ ಚಿನ್ನದ ಬಣ್ಣ. ಆಮೇಲೆ ಹೊಳೆ. ಡ್ಯಾಮಿನ ಗೇಟು ತೆಗೆದ ವರ್ಷ ಅಲ್ಲಿನ ಸೇತುವೆ ಮುಳುಗುತ್ತದೆ, ದಾರಿ ಅಲ್ಲಿಗೇ ನಿಲ್ಲುತ್ತದೆ.

ಕ್ಯಾಂಪಿನಲ್ಲಿ ಒಬ್ಬ ಕಾವಲುಗಾರ ಮಾತ್ರ ಉಳಿದಿದ್ದರು.

"ಹಳೇ ಕಲ್ಲೇನ್ರಿ? ಅವ್ನ ಮೋರಿ ಅಡಿಪಾಯಕ್ಕ ಹಾಕಿದ್ರು ನೋಡ್ರಿ."

"ಯಾವ ಮೋರಿಗೆ?"

"ಎಷ್ಟು ಮೋರಿ ಅದಾವೋ ಅಷ್ಟಕ್ಕೂ. ಉಳಿದಾವು ಜನ ಒಯ್ದ್ರು. ಹೋಟೆಲ್‌ನೋರು, ದನದೋರು. ಕಲ್ಲಿಗೇನ್ರಿ, ಯಾರು ಕೇಳ್ತಾರ?"

"ನಮ್ಮ ದೊಡ್ಡವ್ವ ಕೇಳ್ತಾಳ."

ಹೊಸ ಕಲ್ಲು ಬೇರೆ ಕಡೆ ಯಾಕೆ ಎಂದೂ ಅವರೇ ತಿಳಿಸಿದರು. ಕಂಪ್ಲಿ ಕಡೆಯ ವಂಕಿ ತಿರುವುಗಳನ್ನು ನೇರ ಮಾಡಿದ್ದಾರೆ. ರಸ್ತೆ ಸ್ವಲ್ಪ ಗಿಡ್ಡವಾಗಿದೆ. ಹಾಗಾಗಿ ಕಂಪ್ಲಿಯಿಂದ ಅಳೆದು ಬಂದರೆ ಐದನೇ ಕಿಲೋಮೀಟರ್ ಹೊಸಪೇಟೆಯ ಕಡೆಗೆ ಸರಿದಿದೆ. ಲೆಕ್ಕ ಸರಿಯಾಗಿತ್ತು. ನನಗೆ ಸಂತೋಷವಾಯಿತು. ಆಮೇಲೆ ದೊಡ್ಡವ್ವನ ನೆನಪಾಗಿ ಸಂತೋಷ ಇಳಿಯಿತು.

ಗುಡ್ಡ ಇಳಿಯುವಲ್ಲಿ ಒಂದು ಹೋಟೆಲಿನ ಮುಂದೆ ಒಗ್ಗಾಣಿ ಮಿರ್ಚಿ ತಿನ್ನಲು ಕೂತೆ. ತಿಂದು ಮುಗಿಸಿ ಕೈ ಒರೆಸಿಕೊಳ್ಳುವಾಗ ಬೆಂಚಿನ ಅಡಿ ಕಂಡಿತು. ಹಲಗೆಯ ಒಂದು ತುದಿ "ಹೊಸಪೇಟೆ 6"ರ ಮೇಲೆ, ಇನ್ನೊಂದು "ಸಂಡೂರು 4"ರ ಮೇಲೆ. ನಾನು ಮತ್ತು ಪಕ್ಕದ ಲಾರಿ ಚಾಲಕರು ಮೊಣಕೈ ತಾಗುವಷ್ಟು ಹತ್ತಿರ ಕೂತಿದ್ದೆವು. ಕಲ್ಲುಗಳ ಪ್ರಕಾರ ನಮ್ಮಿಬ್ಬರ ನಡುವೆ ಒಂದು ಇಡೀ ಗುಡ್ಡವಿತ್ತು. ಹೋಟೆಲಿನ ಅಮ್ಮನನ್ನು ಕೇಳಿದರೆ, "ಎಲ್ಲಿಂದ ಬಂದ್ವು ಅಂತ ಕೇಳಬ್ಯಾಡ್ರಿ. ಗಟ್ಟಿ ಅದಾವೋ ಇಲ್ಲೋ, ಅಷ್ಟು ಹೇಳ್ರಿ" ಎಂದರು. ಗಟ್ಟಿಯಾಗಿದ್ದವು. ಆದರೆ ಎರಡಕ್ಕೂ ತಲೆ ಇತ್ತು.

ಕಮಲಾಪುರದ ಹತ್ತಿರ ಕಾಲುವೆಯಲ್ಲಿ ಬಟ್ಟೆ ಒಗೆಯುತ್ತಿದ್ದವರ ಕಲ್ಲೊಂದು ಅನುಮಾನ ಹುಟ್ಟಿಸಿತು. ಮಗುಚಿ ನೋಡಬಹುದೇ ಎಂದೆ. ಒಬ್ಬಾಕೆ ಸೊಂಟಕ್ಕೆ ಕೈ ಇಟ್ಟು, "ಹೆಣ್ಣು ನೋಡಾಕ ಬಂದೋರು ಹಿಂದ ಮುಂದ ನೋಡ್ತಾರಲ್ಲ, ಹಂಗ ನೋಡ್ತೀಯಲ್ಲವಾ ಕಲ್ಲನ್ನ! ಒಪ್ಪಿಗಿ ಆದ್ರ ಏನು ಕೊಡ್ತೀ?" ಎಂದಳು. ಎಲ್ಲರೂ ಸೇರಿ ಮಗುಚಿದರು. ಅದು ಬರೀ ಕಲ್ಲು, ಅಕ್ಷರವೇ ಇಲ್ಲ. "ಓದು ಬರಹ ಇಲ್ಲದ್ದು, ನಿನಗ ಒಪ್ಪಂಗಿಲ್ಲ ಬಿಡು" ಎಂದು ಆಕೆ ಮತ್ತೆ ಬಟ್ಟೆ ಎತ್ತಿಕೊಂಡಳು.

ಹಂಪಿಯ ತಿರುವಿನಲ್ಲಿ ನೆರಳಿಗೆ ನಿಂತಿದ್ದ ಗೈಡ್ ಒಬ್ಬರಿಗೂ ವಿಷಯ ಹೇಳಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡು, "ಯಾವ ಶತಮಾನದ್ದು?" ಎಂದರು.

"ನಮ್ಮ ದೊಡ್ಡವ್ವನ ಕಾಲದ್ದು."

ಅವರು ಸುತ್ತ ನೋಡಿದರು. ನಾನೂ ನೋಡಿದೆ. ಗುಡ್ಡದ ಮೇಲೆ ಕಲ್ಲು, ಗುಡ್ಡವೇ ಕಲ್ಲು, ಮಂಟಪ ಕಲ್ಲು, ಬಿದ್ದ ಮಂಟಪವೂ ಕಲ್ಲು. "ತಂಗಿ, ಹಂಪಿಯಾಗ ನಿಂತು ಒಂದು ಕಲ್ಲು ಕಳದೈತಿ ಅಂತ ಇನ್ನ ಯಾರ ಮುಂದೂ ಅನ್ನಬ್ಯಾಡ" ಎಂದರು. ಅದು ಒಳ್ಳೆಯ ಸಲಹೆ. ಅಲ್ಲಿಂದ ಕಂಪ್ಲಿಯವರೆಗೆ ನಾನು ಬಾಯಿ ಬಿಡದೆ ಹುಡುಕಿದೆ. ಕಲ್ಲು ಸಿಗಲಿಲ್ಲ. ಸೋಮವಾರ, ಮಂಗಳವಾರ ತೂಕಕ್ಕೆ ಬಂದ ಚಾಲಕರನ್ನೆಲ್ಲ ಕೇಳಿದೆ. ಅವರಿಗೂ ಗೊತ್ತಿರಲಿಲ್ಲ.

ಬುಧವಾರ ರಜೆ ಹಾಕಿ ಬೆಳಿಗ್ಗೆಯೇ ಹೋದೆ. ಹಸಿ ಭತ್ತ ತುಂಬಿದ ಎರಡು ಟ್ರ್ಯಾಕ್ಟರ್‌ಗಳು ರಸ್ತೆಯ ಬದಿಯಲ್ಲಿ ನಿಂತಿದ್ದವು. ಮೂಡಲ ದಿಕ್ಕಿನಲ್ಲಿ ಮೋಡ ಕಟ್ಟುತ್ತಿತ್ತು. ದೊಡ್ಡವ್ವ ರಸ್ತೆಯ ಅಂಚಿನಲ್ಲಿ ನೀಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಸೆರಗು ಬಿಗಿದು ಕೂತಿದ್ದಳು.

"ಕಲ್ಲು ಸಿಗಲಿಲ್ಲ ದೊಡ್ಡವ್ವಾ."

"ಬಿಡು. ಸಿಗೋತನಕ ಅದರ ಜಾಗದಾಗ ನಾ ಕುಂತಿರ್ತೀನಿ."

"ಜಾಗ ಇದೇ ಅಂತ ಹೆಂಗ ಗೊತ್ತಾತು?"

"ಕುಂತ್ರ ಕಾಲುವಿ ತೂಬಿನ ಚಕ್ರ ಮೂಗಿನ ನೇರಕ್ಕ ಬರಬೇಕು. ಬಂದೈತಿ."

ಪಂಪಣ್ಣ ಮಾವ ಟವೆಲ್ ಕೊಡವುತ್ತಾ ಬಂದರು. "ಏಳಕ್ಕಾ. ಸರ್ಕಾರದ ಕಲ್ಲು ಅಲ್ಲೈತಿ. ನೀ ಇಲ್ಲ್ಯಾಕ ಕುಂತಿ?"

"ಸರ್ಕಾರ ಅಲ್ಲಿ ನಿಂತೈತಿ. ನಾ ಇಲ್ಲಿ ಕುಂತೀನಿ. ಯಾರ ಕಾಲು ಮೊದಲು ನೋಯ್ತಾವ ನೋಡೋಣ."

"ರೋಡು ಗಿಡ್ಡ ಆಗೈತೆಕ್ಕಾ, ನಾ ಏನು ಮಾಡ್ಲಿ?"

"ಗಿಡ್ಡ ಆದ್ರ ಇಬ್ಬರದೂ ಗಿಡ್ಡ ಆಗಬೇಕಿಲ್ಲ? ನಂದು ಗಿಡ್ಡ ಆಗಿ ನಿಂದು ಹೆಂಗ ಉದ್ದ ಆತು?"

ಮಾವ ನನ್ನ ಕಡೆ ತಿರುಗಿದರು. "ಲೆಕ್ಕದ ಮಂಜಿ ಬಂದಾಳಲ್ಲ, ಹೇಳಲಿ."

ನಾನು ಸಿದ್ಧವಾಗಿಯೇ ಹೋಗಿದ್ದೆ, ಟೇಪ್ ಸಮೇತ. ರಸ್ತೆ ಉದ್ದದಲ್ಲಿ ಕಡಿಮೆಯಾಗಿದ್ದರೂ ಅಗಲದಲ್ಲಿ ಹೆಚ್ಚಾಗಿದೆ. ಆದ್ದರಿಂದ ಬಿಸಿಲಿನ ಭಾಗವನ್ನು ಅಗಲಕ್ಕೆ ಹಂಚಿ ಈ ಅಂಚು ದೊಡ್ಡವ್ವನಿಗೆ, ಆ ಅಂಚು ಮಾವನಿಗೆ, ನಡುವೆ ವಾಹನಗಳಿಗೆ, ಎಂದು ವಿವರಿಸಿದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾಲ್ಕು ದಿನದಲ್ಲಿ ಅದೇ ಮೊದಲು.

"ಇಬ್ಬರೂ ಆ ಕಡಿ ಒಬ್ಬರು, ಈ ಕಡಿ ಒಬ್ಬರು ಹಾಕಿದ್ರ ಬಸ್ಸು ನಮ್ಮ ಭತ್ತದ ನಡುವ ಬೈತಲಿ ತಗದಂಗ ಹೋಗಬೇಕೇನಕ್ಕಾ?" ಎಂದರು ಮಾವ.

"ಓದಿದಾಕಿ. ಬೈಬ್ಯಾಡ" ಎಂದಳು ದೊಡ್ಡವ್ವ.

ನಾನು ಟೇಪ್ ಸುತ್ತಿ ಸ್ಕೂಟಿಯ ಡಿಕ್ಕಿಯೊಳಗೆ ಇಟ್ಟೆ.

ಬಿಸಿಲು ಏರಿತು. ಟ್ರ್ಯಾಕ್ಟರಿನ ಭತ್ತಕ್ಕೆ ಕೈ ಹಾಕಿ ನೋಡಿದೆ, ಒಳಗೆ ಆಗಲೇ ಬೆಚ್ಚಗಿತ್ತು. ಆದರೆ ಬೆನಕಪ್ಪನನ್ನು ಕೂರಿಸದೆ ಯಾರೂ ಒಂದು ಕಾಳೂ ಸುರಿಯುವಂತಿಲ್ಲ. ಮಾವ ಕೊನೆಗೆ ಟ್ರ್ಯಾಕ್ಟರಿನಿಂದ ಮುತ್ತುಗದ ಎಲೆ ಇಳಿಸಿದರು. ಅದರ ಮೇಲೆ ಸಗಣಿಯ ಬೆನಕಪ್ಪ, ನೆತ್ತಿಗೆ ಗರಿಕೆ. ಅಂಗೈ ಮೇಲೆ ಎಲೆ ಹಿಡಿದು ಹೊಸ ಕಲ್ಲಿನ ಕಡೆ ನಡೆದರು. ದೊಡ್ಡವ್ವ ಕುರ್ಚಿಯಲ್ಲೇ ಕೂತು ನೋಡಿದಳು. ಅಲ್ಲಿ ಇಟ್ಟರೆ ಮುಗಿಯಿತು, ಗಡಿ ಅದೇ. ಅದು ಅವಳಿಗೂ ಗೊತ್ತಿತ್ತು.

ಹೊಸ ಕಲ್ಲು ಹಸಿರು ನೆತ್ತಿಯಲ್ಲಿ ಹೊಳೆಯುತ್ತಿತ್ತು. ಮಾವ ಅದರ ಮುಂದೆ ನಿಂತರು. ಬಗ್ಗಿದರು. ಎದ್ದರು. ಒಂದು ಸುತ್ತು ಬಂದರು.

"ಬಣ್ಣ ಇನ್ನ ಹಸಿ ಐತಿ" ಎಂದರು, ಯಾರಿಗೂ ಅಲ್ಲ.

ಎಲೆಯನ್ನು ಈ ಅಂಗೈಯಿಂದ ಆ ಅಂಗೈಗೆ ಬದಲಿಸಿದರು.

"ಮುಖಾನೂ ಯಾಕೋ ಸರಿ ಇಟ್ಟಿಲ್ಲ."

ಒಂದು ಬಸ್ಸು ಹಾರ್ನ್ ಹಾಕುತ್ತಾ ಹೋಯಿತು. ಮಾವ ಬೆನಕಪ್ಪನಿಗೆ ಇನ್ನೊಂದು ಕೈ ಅಡ್ಡ ಹಿಡಿದು ದೂಳು ತಾಗದಂತೆ ನಿಂತರು. ಆಮೇಲೆ ತಿರುಗಿ, ನೆಲ ನೋಡಿಕೊಂಡು, ಇಡೀ ಬಿಸಿಲಿನ ತುಂಡನ್ನು ನಡೆದುಕೊಂಡು ನೀಲಿ ಕುರ್ಚಿಯ ಹತ್ತಿರ ಬಂದರು.

"ಅಕ್ಕಾ, ಕಾಲು ಮಡಚಿಗೋ."

ದೊಡ್ಡವ್ವ ಕಾಲು ಮೇಲೆ ಎಳೆದುಕೊಂಡಳು. ಮಾವ ಕುರ್ಚಿಯ ಕಾಲಿನ ಪಕ್ಕ ಮಣ್ಣು ಸವರಿ ಬೆನಕಪ್ಪನನ್ನು ಕೂರಿಸಿದರು. ಅವಳೂ ಕುರ್ಚಿಯಿಂದ ಇಳಿದು ತನ್ನದನ್ನು ಜೊತೆಗೆ ಇಟ್ಟಳು, ಇಬ್ಬರೂ ಕೈ ಮುಗಿದರು.

"ಹಂಗಾರ ಗಡಿ ಎಲ್ಲಿ ಅಂತ ಆತು?" ಎಂದೆ ನಾನು. ಇಂಥದ್ದನ್ನು ಬಾಯಿಬಿಟ್ಟು ಕೇಳಿ ಖಚಿತ ಮಾಡಿಕೊಳ್ಳದಿದ್ದರೆ ನನಗೆ ಊಟ ಸೇರುವುದಿಲ್ಲ.

"ಕಣ್ಣಿಲ್ಲೇನು ಲೇ?" ಎಂದರು ಮಾವ. "ಕುಂತಾನಲ್ಲ."

ಟ್ರ್ಯಾಕ್ಟರುಗಳು ಸುರಿದವು. ದೊಡ್ಡವ್ವನ 'ರೋಡಿನ' ಬಿಸಿಲೆಲ್ಲ ಅವಳಿಗೇ ಸಿಕ್ಕಿತು. ನಾನು ಚಪ್ಪಲಿ ಬಿಟ್ಟು ಸಾಲು ಎಳೆದೆ. ಮೇಲೆ ಬಿಸಿ, ಅಡಿಯಲ್ಲಿ ತಂಪು. ಮಳೆ ಶುಕ್ರವಾರ ರಾತ್ರಿ ಬಂತು; ಅಷ್ಟರಲ್ಲಿ ಭತ್ತ ಒಣಗಿ ಚೀಲ ಸೇರಿತ್ತು.

ಗಡಿ ತೀರ್ಮಾನವಾಯಿತು, ಆದರೆ ಕುರ್ಚಿಯ ಬಗ್ಗೆ ಇಬ್ಬರಿಗೂ ಸಮಾಧಾನವಿಲ್ಲ. ದೊಡ್ಡವ್ವನ ತಕರಾರು, ಬಸ್ಸು ಹೋದಾಗಲೆಲ್ಲ ಅದು ಅಲುಗುತ್ತದೆ, ಒಮ್ಮೆ ಅವಳು ನೀರು ಕುಡಿಯಲು ಎದ್ದಾಗ ಹಾರಿ ಕಾಲುವೆಗೆ ಬಿತ್ತು. "ಕುಂತ್ರ ಕುಂತಂಗ ಅನಸಂಗಿಲ್ಲ" ಎನ್ನುತ್ತಾಳೆ. ಮಾವನ ತಕರಾರು ಬೇರೆ: "ಮುಂದಿನ ಸುಗ್ಗಿಗೂ ಪ್ಲಾಸ್ಟಿಕ್ ಕುರ್ಚಿಗೆ ಕೈ ಮುಗೀಬೇಕೇನು? ಏ ಮಂಜಿ, ಪೇಪರಿನಾಗ ಬರದು ಹಾಕು. ಯಾರರ ನೋಡಿರ್ತಾರ."

ಅದಕ್ಕೇ ಬರೆದೆ. ಈ ರಸ್ತೆ ಬಂಡಿ ದಾರಿಯಾಗಿದ್ದಾಗಿನ ಸಂಗತಿ, ಅದರ ಮೊದಲ ಡಾಂಬರು, ಮೊದಲ ಬಸ್ಸು, ಏನೇ ಗೊತ್ತಿದ್ದರೂ ಈ ಪತ್ರಿಕೆಯ ವಿಳಾಸಕ್ಕೆ ನಾಲ್ಕು ಸಾಲು ಕಳಿಸಿ. ತಾರೀಕು ನೆನಪಿದ್ದರೆ ಅದನ್ನೂ. ಮುಖ್ಯವಾಗಿ ಕಲ್ಲು. ಗುರುತು ಸುಲಭ: ತಲೆ ಇಲ್ಲ. ಕಂಪ್ಲಿ ಎಂಬ ಹೆಸರು ಮೇಲಿನಿಂದ ಅರ್ಧ ಹೋಗಿದೆ, ಐದು ಪೂರ್ತಿ ಇದೆ. ಒಡೆದ ಕಲ್ಲಿನ ಅಂಚು ಚೂಪಾಗಿರಬೇಕು, ಇದರದು ನುಣುಪಾಗಿದೆ, ನಡುವೆ ತುಸು ತಗ್ಗು. ಅದು ದೊಡ್ಡವ್ವ ಕೂತು ಮಾಡಿದ್ದು. ಸಂಡೂರಿನಿಂದ ಕಂಪ್ಲಿಯವರೆಗೆ ಯಾವ ಹೋಟೆಲಿನ ಬೆಂಚಿನಲ್ಲಿ, ಯಾರ ಮನೆಯ ಕಟ್ಟೆಯ ಮೇಲೆ ಕೂತು ಇದನ್ನು ಓದುತ್ತಿದ್ದರೂ ಸರಿ, ದಯವಿಟ್ಟು ಒಮ್ಮೆ ಎದ್ದು, ಕೂತದ್ದು ಯಾವುದರ ಮೇಲೆ ಎಂದು ನೋಡಿ.